ಎಡ ಸುತ್ತು, ಬಲ ಸುತ್ತು

"ಕೂರಿಸ್ರೋ ಅವನ್ನ. ಜೀನಿನ ಮೇಲೆ ಕೂರ್ಸಿ. ವಾಲ್ತಾನೋ ಇಲ್ವೋ ಕಣ್ಣಾರೆ ನೋಡ್ಬಿಡೋಣ."

ಹೀಗೆ ಹೇಳಿದ್ದು ಕಾರ್ಮಿಕ ಇಲಾಖೆಯ ಸಾಹೇಬ. ನಮ್ಮ ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದ. ನಮ್ಮ ಕೋಣೆ ಲಾಯದ ಹಿಂಗೋಡೆಗೆ ಅಂಟಿಕೊಂಡೇ ಇದೆ. ಲದ್ದಿಯ ವಾಸನೆ ಬರದೆ ಅತ್ತರಿನ ವಾಸನೆ ಬರುತ್ತದೆಯೇ? ಮಂಚದ ಮೇಲೆ ನನ್ನ ಗಂಡ ಮಲಗಿದ್ದ. ಕುದುರೆ ಸಮೇತ ಬಿದ್ದು ಸೊಂಟ ಮುರಿದು, ಬೆನ್ನುಮೂಳೆಯ ಒಂದು ಮಣಿ ಜಜ್ಜಿಹೋಗಿ, ಅವನು ಮಲಗಿ ಅಂದಿಗೆ ಏಳು ವಾರವಾಗಿತ್ತು.

ಬಾಗಿಲಿಗೆ ಒರಗಿ ಯಜಮಾನ ನಿಂತಿದ್ದ. ಇಪ್ಪತ್ತೆರಡು ಕುದುರೆಗಳ ಒಡೆಯ. ಅವನ ಲಾಯದಲ್ಲಿ ನಾವು ಹದಿಮೂರು ಆಳುಗಳು. ನನ್ನ ಗಂಡ ಕುದುರೆ ಪಳಗಿಸುವ ಸವಾರ, ನಾನು ಲಾಯ ಬಳಿದು ಕುದುರೆಗಳ ಮೈ ಉಜ್ಜುವವಳು, ನನ್ನಣ್ಣ ಲಾಳ ಕಟ್ಟುವವನು.

"ಮುರಿದ ಬೆನ್ನು ಸಾಹೇಬ್ರೇ," ಎಂದೆ. "ಆಸ್ಪತ್ರೇಲಿ ಮಗ್ಗುಲು ತಿರುಗ್ಸೋಕೇ ನಾಲ್ಕು ಜನ ಬೇಕಿತ್ತು."

"ಇಲ್ಲೂ ನಾಲ್ಕು ಜನ ಇದ್ದಾರಲ್ಲಮ್ಮ."

ಜೀನು ಇಡುವ ಮರದ ಸ್ಟ್ಯಾಂಡನ್ನು ಲಾಯದಿಂದ ಹೊತ್ತು ತಂದರು. ಅದರ ಮೇಲೆ ಜೀನು ಬಿಗಿದರು. ನಮ್ಮವರೇ ನಾಲ್ಕು ಆಳುಗಳು, ನನ್ನ ಮುಖ ನೋಡಲಾರದೆ, ನನ್ನ ಗಂಡನನ್ನು ಎತ್ತಿ ಅದರ ಮೇಲೆ ಕೂರಿಸಿದರು. ಅವನ ಬಾಯಿಗೆ ನಾನೇ ಟವೆಲ್ಲು ತುರುಕಿದೆ. ಅವನು ಅದನ್ನು ಕಚ್ಚಿದ ಸದ್ದು ನನಗೆ ಕೇಳಿಸಿತು.

"ಬಿಡ್ರಿ ಕೈ," ಎಂದ ಸಾಹೇಬ.

ಕೈ ಬಿಟ್ಟರು. ನನ್ನ ಗಂಡ ಒಂದು ಉಸಿರಿನಷ್ಟು ಹೊತ್ತು ನೆಟ್ಟಗೆ ಕೂತ. ಆಮೇಲೆ ಮುರಿದ ಸೊಂಟದ ಕಡೆಗೆ, ಎಡಕ್ಕೆ, ನೀರಲ್ಲಿ ನೆನೆದ ಗೋಡೆಯ ಹಾಗೆ ಕುಸಿದ. ನಾನು ಹೋಗಿ ತಬ್ಬಿಕೊಳ್ಳದಿದ್ದರೆ ನೆಲಕ್ಕೆ ಬೀಳುತ್ತಿದ್ದ. ಸಾಹೇಬ ಫೈಲು ತೆರೆದು ಬರೆದ. ಬರೆಯುತ್ತಲೇ ಓದಿದ: "ಸವಾರನು ಎಡಕ್ಕೆ ವಾಲುತ್ತಾನೆ."

"ಬೆನ್ನು ಮುರಿದೋನು ವಾಲದೆ ಕುಣೀತಾನೇನ್ರೀ?"

"ಬಾಯ್ಮುಚ್ಚೇ ಮುಂಡೆ," ಎಂದ ಯಜಮಾನ. "ನಿನ್ನ ಗಂಡ ಅಂಡು ನೆಟ್ಟಗಿಟ್ಟು ಕೂತಿದ್ರೆ ನನ್ನ ಕುದುರೆ ಯಾಕೇ ಬೀಳ್ತಿತ್ತು? ಬೋಳಿಮಗ, ಬಂಗಾರದಂಥ ಕುದುರೇನ ಹಾಳು ಮಾಡಿದ."

ಗಂಡ ಎದುರಿಗೇ ಉಸಿರಾಡುತ್ತಿರುವಾಗ ನನ್ನನ್ನು ಮುಂಡೆ ಅಂದ.

ಫೈಲಿನಲ್ಲಿದ್ದದ್ದು ಒಂದೇ ಪ್ರಶ್ನೆ. ಆ ಹೆಣ್ಣು ಕುದುರೆ ಕೆಂಚಿ ಬಿದ್ದದ್ದು ಅವಳ ಕಾಲು ಕುಂಟಾಗಿದ್ದರಿಂದಲೋ, ಸವಾರ ಸೊಟ್ಟಗೆ ಕೂತದ್ದರಿಂದಲೋ? ಕುಂಟುವ ಕುದುರೆಯನ್ನು ಹತ್ತಿಸಿದ್ದರೆ ತಪ್ಪು ಲಾಯದ್ದು. ದೊಡ್ಡಾಸ್ಪತ್ರೆಯ ಎರಡನೇ ಆಪರೇಷನ್ನು ಲಾಯದವರೇ ಮಾಡಿಸಬೇಕು. ಅದಾದರೆ ಗೋಡೆ ಹಿಡಿದಾದರೂ ನಡೆದಾನು ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ತಪ್ಪು ಸವಾರನದಾದರೆ ಆಪರೇಷನ್ನೂ ಇಲ್ಲ, ಈ ಕೋಣೆಯೂ ಇಲ್ಲ.

ಸಾಹೇಬ ಹೊರಡುವಾಗ ನಾನು ಅಡ್ಡ ನಿಂತೆ. ಅವನು ನಕ್ಕ. "ಕುದುರೆ ಮುಂಚಿಂದ್ಲೇ ಕುಂಟ್ತಿತ್ತು ಅಂತ ಯಾವನಾದ್ರೂ ಕುದುರೆ ಡಾಕ್ಟ್ರು ಬರ್ಕೊಟ್ರೆ ತಗೊಂಡ್ಬಾರಮ್ಮ. ತಿಂಗಳ ಕೊನೇವರ್ಗೂ ಫೈಲು ಮುಚ್ಚಲ್ಲ." ಯಜಮಾನನೂ ನಕ್ಕ. ಲಾಯಕ್ಕೆ ಬರುವ ಡಾಕ್ಟರು ಅವನ ಮನೆಯಲ್ಲೇ ಊಟ ಮಾಡುವವನು. ಕೆಂಚಿಯ ಕಾಲಿಗೆ ನೋವು ಸಾಯಿಸುವ ಸೂಜಿ ಚುಚ್ಚಿದ್ದೂ ಅವನೇ.

ಕುದುರೆ ಕುಂಟುವುದನ್ನು ಕಾಲಿನಲ್ಲಿ ಹುಡುಕುವವರು ಹೊಸಬರು. ನಾವು ತಲೆ ನೋಡುತ್ತೇವೆ. ನೋಯುವ ಮುಂಗಾಲು ನೆಲಕ್ಕೆ ತಾಗಿದಾಗ ಕುದುರೆ ತಲೆ ಮೇಲೆತ್ತುತ್ತದೆ, ಆ ಕಾಲಿನ ಭಾರ ಇಳಿಸಿಕೊಳ್ಳಲು. ಒಳ್ಳೆಯ ಕಾಲು ಊರಿದಾಗ ತಲೆ ತಗ್ಗಿಸುತ್ತದೆ. ಕೆಂಚಿಯ ತಲೆ ಹಾಗೆ ಆಡತೊಡಗಿದ್ದು ಚಳಿಗಾಲದಲ್ಲಿ. ಆ ಚಳಿಗಾಲ ಪೂರ್ತಿ ಅವಳ ಮೇಲೆ ಕೂತವನು ಯಜಮಾನ. ಅವನನ್ನು ನೋಡುವ ಡಾಕ್ಟರು ಹೊಟ್ಟೆ ಕರಗಿಸಲು ಹೇಳಿದ್ದರಂತೆ. ಅವನ ಹೊಟ್ಟೆ ಕರಗಲಿಲ್ಲ, ಕೆಂಚಿಯ ಭುಜ ಕರಗಿತು.

ಅವನು ಕೂರುವುದೇ ಸೊಟ್ಟಗೆ. ಎಡ ಅಂಡಿನ ಮೇಲೆ ಮೈಯೆಲ್ಲ ಹಾಕಿ, ಬಲ ಹೆಗಲನ್ನು ಹಿಂದಕ್ಕೆ ಬಿಟ್ಟು, ಪಡಸಾಲೆಯಲ್ಲಿ ಹುಕ್ಕಾ ಸೇದುವವನ ಹಾಗೆ. ಜೀನು ದಿನವೂ ಎಡಕ್ಕೆ ಜಾರುತ್ತಿತ್ತು. ಕೆಂಚಿಯ ಬೆನ್ನಿನ ಎಡಭಾಗದಲ್ಲಿ ಕೂದಲು ಉದುರಿ ಅಂಗೈಯಗಲ ಬೋಳಾಯಿತು; ನಾನು ಎಣ್ಣೆ ಹಚ್ಚುವಾಗ ಮುಟ್ಟಿದರೆ ಬಗ್ಗಿಬಿಡುತ್ತಿದ್ದಳು. ಮೇಲಿನ ಭಾರ ಎಡಕ್ಕೆ ಬಿದ್ದರೆ ಕೆಳಗೆ ಎಡ ಮುಂಗಾಲು ಅದನ್ನು ಹೊರಬೇಕು. ಎಷ್ಟು ದಿನ ಹೊತ್ತೀತು?

ನನ್ನ ಗಂಡ ಕೂರುತ್ತಿದ್ದುದನ್ನು ನೋಡಬೇಕಿತ್ತು. ಕಿವಿ, ಹೆಗಲು, ಸೊಂಟ, ಹಿಮ್ಮಡಿ, ನಾಲ್ಕೂ ಗಾರೆಯವನು ತೂಕದ ಗುಂಡು ಇಳಿಬಿಟ್ಟಂತೆ ಒಂದೇ ಗೆರೆ. ಕುದುರೆಗೆ ತನ್ನ ಬೆನ್ನ ಮೇಲೆ ಒಬ್ಬ ಇದ್ದಾನೆಂಬುದೇ ಮರೆತುಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವನು ಕುದುರೆ ಹತ್ತಿದಾಗಲೆಲ್ಲ ನಾನು ಬಕೆಟ್ಟು ಹಿಡಿದುಕೊಂಡು ಸುಮ್ಮನೆ ನಿಂತು ಬೈಸಿಕೊಂಡಿದ್ದೇನೆ.

ಅವನೇ ಯಜಮಾನನಿಗೆ ಹೇಳಿದ. ಹೇಳಬಾರದಿತ್ತು, ಹೇಳಿದ. "ನೀವು ಎಡಕ್ಕೆ ವಾಲ್ತೀರಿ ಯಜಮಾನ್ರೇ. ಅದಕ್ಕೇ ಕಾಲು ಹಿಡ್ಕೊಂಡಿದೆ. ಎರಡು ತಿಂಗಳು ಇವಳ ಮೇಲೆ ಯಾರೂ ಕೂರೋದು ಬೇಡ."

ಯಜಮಾನ ಚಾವಟಿಯ ಹಿಡಿಯಿಂದ ಅವನ ಬಾಯಿಗೆ ಹೊಡೆದ. ಒಂದು ಹಲ್ಲು ಹೋಯಿತು. "ನಂಗೆ ಕೂರೋದು ಕಲಿಸ್ತೀಯೇನೋ ಲದ್ದಿ ನನ್ಮಗನೇ?" ಎಂದ. ಮಾರನೇ ದಿನವೇ ಕೆಂಚಿಯ ಕಾಲಿಗೆ ಸೂಜಿ ಚುಚ್ಚಿಸಿ, ನೋವು ಸತ್ತು ತಲೆ ಆಡುವುದು ನಿಂತ ಮೇಲೆ, "ಈಗ ಹತ್ತು. ಆ ದಿಮ್ಮಿ ಹಾರಿಸು. ಕುಂಟುತ್ತೋ ನೋಡೇಬಿಡ್ತೀನಿ," ಎಂದ. ನೋವು ಗೊತ್ತಾಗದ ಕಾಲನ್ನು ಕುದುರೆ ಎಲ್ಲಿ ಊರಬೇಕೆಂದು ತಿಳಿಯದೆ ಊರುತ್ತದೆ. ಹಾರಿ ಇಳಿದ ಕೆಂಚಿಯ ಎಡಗಾಲು ಮಡಚಿಕೊಂಡಿತು. ಅವಳು ಉರುಳಿ ಎದ್ದಳು. ನನ್ನ ಗಂಡ ಏಳಲಿಲ್ಲ.

ತನ್ನ ಸೊಟ್ಟತನವನ್ನೇ ಯಜಮಾನ ನನ್ನ ಗಂಡನ ಹೆಸರಿಗೆ ಬರೆಸಿದ. ನನಗೆ ಉರಿದದ್ದು ಇದು. ಬೆನ್ನು ಮುರಿದದ್ದಕ್ಕಿಂತ ಇದೇ ಹೆಚ್ಚು ಉರಿಯಿತು ಅಂದರೆ ನೀವು ನಂಬಲಿಕ್ಕಿಲ್ಲ.

ತಿಂಗಳ ಕೊನೆಗೆ ಐದು ದಿನ ಇತ್ತು. ಕೆಂಚಿಯನ್ನು ಕೊಳ್ಳಲು ಪಕ್ಕದೂರಿನಿಂದ ಒಬ್ಬ ಅಮ್ಮ ಬರುತ್ತಾಳೆಂದು ಸುದ್ದಿ ಬಂತು. ಮಗಳ ಸವಾರಿಗೆ ಬೇಕಂತೆ, ತನ್ನ ಕುದುರೆ ಡಾಕ್ಟರನ್ನೇ ಕರೆತರುತ್ತಾಳಂತೆ. ಬರುವ ದಿನ ಬೆಳಿಗ್ಗೆ ನನ್ನಣ್ಣ ಹುಲ್ಲಿನ ಕೊಟ್ಟಿಗೆಗೆ ಬಂದು ನನ್ನೆದುರು ತಲೆ ತಗ್ಗಿಸಿ ನಿಂತ.

"ಬಲಗಾಲಿಗೆ ಕಲ್ಲಿಟ್ಟೆ ಕಣೇ," ಎಂದ.

ಇದು ಕುದುರೆ ಮಾರುವವರ ಹಳೆಯ ಕೈಚಳಕ. ಒಂದು ಕಾಲು ಕುಂಟುತ್ತಿದ್ದರೆ, ಸರಿಯಿರುವ ಇನ್ನೊಂದು ಕಾಲಿನ ಲಾಳದಡಿ ಸಣ್ಣ ಕಲ್ಲು ಸೇರಿಸಿ ಮೊಳೆ ಹೊಡೆಯುವುದು. ಆಗ ಎರಡೂ ಕಾಲು ಸಮನಾಗಿ ನೋಯುತ್ತವೆ. ಯಾವ ಕಾಲಿಗೆಂದು ತಲೆ ಎತ್ತೀತು ಪಾಪ? ತಲೆ ಆಡುವುದಿಲ್ಲ. ನೇರ ಓಡಿಸಿದರೆ ಹೆಜ್ಜೆ ಒಂದಿಷ್ಟು ಗಿಡ್ಡ ಅನಿಸುತ್ತದೆ, ಅಷ್ಟೇ.

"ನೀನೂ ಅವನ ಜೊತೆ ಸೇರ್ಕೊಂಡ್ಯೇನೋ ಅಣ್ಣ? ಥೂ, ನಿನ್ನ ಜನ್ಮಕ್ಕಿಷ್ಟು."

"ನಾನು ಒಲ್ಲೆ ಅಂದ್ರೆ ಬೇರೆಯೋನ ಕೈಲಿ ಮಾಡಿಸ್ತಾನೆ. ಅವನು ಗೊರಸಲ್ಲಿ ಜೀವ ಇರೋ ಕಡೇನೇ ಮೊಳೆ ಹೊಡೀತಾನೆ. ನಾನು ಕಡಲೆಕಾಳಿನಷ್ಟು ಇಟ್ಟಿದೀನಿ. ನೀನು ಹೂಂ ಅಂದ್ರೆ ಈಗ್ಲೇ ಕಿತ್ತಾಕ್ತೀನಿ. ಕುಂಟ್ಲಿ, ಬಂದೋರು ನೋಡ್ಲಿ."

ನಾನು ಹುಲ್ಲಿನ ಪೆಂಡಿಯ ಮೇಲೆ ಕೂತು ಯೋಚಿಸಿದೆ. ಕಲ್ಲು ಕಿತ್ತರೆ ಕೆಂಚಿ ಕುಂಟುತ್ತಾಳೆ, ನಿಜ. ಆದರೆ ಇವತ್ತು ಕುಂಟಿದರೆ ಏನಾಯಿತು? ನಿನ್ನೆ ಆ ಮುಂಡೆಯೇ ಏನೋ ಮಾಡಿದಳು ಅನ್ನುತ್ತಾನೆ ಯಜಮಾನ. ಕುದುರೆಯ ಕಾಲು ಸಾಕ್ಷಿ ಹೇಳಿದರೆ ಸಾಲದು. ಅವನ ಬಾಯಿ ಹೇಳಬೇಕು.

"ಇರ್ಲಿ. ಕಲ್ಲು ತೆಗೀಬೇಡ," ಎಂದೆ.

ಅಣ್ಣ ನನ್ನನ್ನೇ ನೋಡಿದ. ಕೆಂಚಿಯನ್ನು ಹುಟ್ಟಿದ ದಿನದಿಂದ ಸಾಕಿದವಳು ನಾನು. ಲಾಯದ ಕಡೆಗೆ ಹೋದ.

ಗಂಡನಿಗೆ ಗಂಜಿ ಕುಡಿಸುವಾಗ ವಿಷಯ ಹೇಳಿದೆ. ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಅವನ್ನ ಏನು ಬೇಕಾದ್ರೂ ಮಾಡು," ಎಂದ. "ಕೆಂಚಿ ತಂಟೆಗೆ ಹೋಗ್ಬೇಡ. ಅವಳೇನು ಮಾಡಿದ್ಲು?"

"ನೀನು ಗಂಜಿ ಕುಡಿ," ಎಂದೆ.

ಆ ಅಮ್ಮ ಹತ್ತು ಗಂಟೆಗೆ ಬಂದಳು. ಕಪ್ಪು ಕನ್ನಡಕ, ಮಣ್ಣಾಗದ ಚಪ್ಪಲಿ. ಜೊತೆಗೆ ಒಣಕಲು ಡಾಕ್ಟರು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದಗಳು. ನಾನು ಕೆಂಚಿಯನ್ನು ಹಿಡಿದು ಕಲ್ಲುಹಾಸಿನ ಮೇಲೆ ನೇರಕ್ಕೆ ಓಡಿಸಿದೆ, ಹೋಗಿ ಬಂದೆ. ತಲೆ ಆಡಲಿಲ್ಲ. ಡಾಕ್ಟರು ಗಲ್ಲ ಕೆರೆದುಕೊಂಡ.

"ಹೆಜ್ಜೆ ಗಿಡ್ಡ," ಎಂದ.

"ಲಾಯದಲ್ಲೇ ನಿಂತು ನಿಂತು ಮೈ ಹಿಡ್ಕೊಂಡಿದೆ ಡಾಕ್ಟ್ರೇ," ಎಂದ ಯಜಮಾನ. "ಹುಟ್ಟಿದಾಗಿಂದ ಒಂದು ಹೆಜ್ಜೆ ತಪ್ಪಿಟ್ಟಿಲ್ಲ ಇದು."

"ಮೇಲೆ ಕೂತು ಓಡ್ಸಿದ್ರೆ ನೋಡ್ಬೋದಿತ್ತು," ಎಂದಳು ಆ ಅಮ್ಮ. "ನಿಮ್ಮ ಸವಾರ ಎಲ್ಲಿ?"

ಯಜಮಾನ ಬಾಯಿ ತೆರೆಯುವ ಮೊದಲೇ ನಾನು ತೆರೆದೆ. "ಸವಾರ ಬಿದ್ದವ್ನೆ ಅಮ್ಮಾವ್ರೇ. ವಾಲಿ ಕೂರ್ತಿದ್ದ, ಬಿದ್ದ. ಸರ್ಕಾರದೋರೇ ಬರ್ಕೊಂಡು ಹೋಗವ್ರೆ. ಈ ಕುದುರೇಗೆ ನಮ್ಮ ಯಜಮಾನ್ರೇ ಸರಿ. ಚಳಿಗಾಲ ಪೂರ್ತಿ ಅವ್ರೇ ಓಡ್ಸಿದ್ದು. ಆಫೀಸಲ್ಲಿ ಫೋಟೋ ಐತೆ ನೋಡಿ."

"ಹೌದಾ? ಹಾಗಾದ್ರೆ ನೀವೇ ಹತ್ತಿ ಸಾರ್," ಎಂದು ಅವಳು ನಕ್ಕಳು. "ನನ್ನ ಮಗಳು ಕೂರೋ ಕುದುರೆ. ನೀವು ಕೂತು ತೋರ್ಸಿದ್ರೆ ನನಗೂ ಧೈರ್ಯ."

ಯಜಮಾನನ ಮುಖ ನೋಡುವಂತಿತ್ತು. ಹತ್ತಲ್ಲ ಅಂದರೆ ಕುದುರೆಯಲ್ಲಿ ಐಬಿದೆ ಎಂದಾಯಿತು. ಹತ್ತಿದರೆ ಎರಡು ಮುಂಗಾಲೂ ನೋಯುವ ಕುದುರೆ. ನಾನು ಮೆಲ್ಲಗೆ ಉದ್ದ ಹಗ್ಗ ತಂದು ಕೆಂಚಿಯ ಕಡಿವಾಣಕ್ಕೆ ಸಿಕ್ಕಿಸಿದೆ. "ನಾನು ಹಗ್ಗ ಹಿಡ್ಕೊಂಡಿರ್ತೀನಿ ಯಜಮಾನ್ರೇ. ಹೆದರ್ಬೇಡಿ."

"ಹೆದರೋದ್ಯಾವನೇ?" ಎಂದು ಬೈದ. ಆದರೆ ಹಗ್ಗವನ್ನು ನೋಡಿದಾಗ ಅವನ ಕಣ್ಣಲ್ಲಿ ಹಾಯೆನಿಸಿದ್ದನ್ನು ನಾನು ನೋಡಿದೆ. ಮೆಟ್ಟಿಲ ಕಲ್ಲಿನ ಮೇಲೆ ನಿಂತು ಹತ್ತಿದ. ಜೀನು ಎಡಕ್ಕೆ ಜರುಗಿತು. ಕೆಂಚಿ ಕಿವಿ ಹಿಂದಕ್ಕೆ ಮಡಚಿದಳು. ಯಾರು ಕೂತರೆಂದು ಅವಳಿಗೆ ಗೊತ್ತಾಯಿತು.

ಕುದುರೆಗಳಿಗೆ ಸುತ್ತು ಹೊಡೆಸುವ ಅಂಗಳ ನಮ್ಮ ಕೋಣೆಯ ಕಿಟಕಿಯ ಮುಂದೆಯೇ ಇದೆ. ನಾನು ನಡುವೆ ನಿಂತು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಉದ್ದ ಚಾವಟಿ ಹಿಡಿದು ನಾಲಿಗೆ ಚಪ್ಪರಿಸಿದೆ. ಕೆಂಚಿ ಎಡ ಸುತ್ತಿಗೆ ಬಿದ್ದಳು. ಮೊದಲು ನಡಿಗೆ, ಆಮೇಲೆ ಸಣ್ಣ ಓಟ. ನೇರ ದಾರಿಯಲ್ಲಿ ಮುಚ್ಚಿಟ್ಟದ್ದನ್ನು ಸುತ್ತು ಬಿಚ್ಚುತ್ತದೆ. ಎಡಕ್ಕೆ ತಿರುಗುವಾಗ ಒಳಗಿನ ಎಡಗಾಲಿನ ಮೇಲೆ ಹೆಚ್ಚು ಭಾರ. ಎಡಗಾಲು ಊರಿದಾಗಲೆಲ್ಲ ಅವಳ ತಲೆ ಎದ್ದಿತು.

"ಎಡ ಮುಂಗಾಲು," ಎಂದ ಡಾಕ್ಟರು.

"ಹೊಸ ಲಾಳ ಡಾಕ್ಟ್ರೇ," ಎಂದು ಮೇಲಿನಿಂದ ಯಜಮಾನ ಕೂಗಿದ. "ಸಾಕು ಬಿಡೇ, ನಿಲ್ಸು."

"ಇನ್ನೊಂದು ಕಡೆ ತಿರುಗ್ಸಮ್ಮ," ಎಂದ ಡಾಕ್ಟರು.

ಓಟ ನಿಲ್ಲಿಸದೆ ಹಗ್ಗ ಎಳೆದು ಅವಳನ್ನು ಅಡ್ಡಕ್ಕೆ ತಿರುಗಿಸಿ ಬಲ ಸುತ್ತಿಗೆ ಬಿಟ್ಟೆ. ಈಗ ಬಲಗಾಲು ಊರಿದಾಗ ತಲೆ ಎದ್ದಿತು, ಮೊದಲಿಗಿಂತ ಎತ್ತರಕ್ಕೆ. ಡಾಕ್ಟರು ಕಾಗದದಿಂದ ಕಣ್ಣು ಕಿತ್ತು ದಿಟ್ಟಿಸಿದ. "ಎಡ ಸುತ್ತಿಗೆ ಎಡಗಾಲು, ಬಲ ಸುತ್ತಿಗೆ ಬಲಗಾಲು! ರೀ, ಸರಿಗಾಲಿಗೆ ಕಲ್ಲು ಹಾಕಿದೀರೇನ್ರೀ?"

ಅಷ್ಟರಲ್ಲಿ ಕೆಂಚಿ ಎಡವಿದಳು. ಯಜಮಾನ ಅವಳ ಕತ್ತಿನ ಮೇಲೆ ಮುಗ್ಗರಿಸಿದ, ಒಂದು ಕಾಲು ಪಾದವಿಡುವ ರಿಕಾಪಿನಿಂದ ಕಳಚಿತು. ಹೆದರಿದವನು ಕಾಲು ಬಿಗಿ ಹಿಡಿಯುತ್ತಾನೆ. ಹಿಮ್ಮಡಿ ಒತ್ತಿದರೆ ಕುದುರೆ ಮುಂದಕ್ಕೆ ಹೋಗು ಎಂದೇ ತಿಳಿಯುತ್ತದೆ, ನನ್ನ ಗಂಡ ಅವಳಿಗೆ ಹಾಗೇ ಕಲಿಸಿದ್ದ. ಅವನು ಬಿಗಿದಷ್ಟೂ ಅವಳು ಓಡಿದಳು. ಅವಳು ಓಡಿದಷ್ಟೂ ಅವನು ಬಿಗಿದ.

"ನಿಲ್ಸೇ! ಲೇ, ನಿಲ್ಸೇ!"

"ಯಾಕೆ ಯಜಮಾನ್ರೇ? ಒಳ್ಳೆ ಕುದುರೆ ಅಲ್ವಾ?"

"ಕುಂಟುತ್ತೆ ಕಣೇ ಇದು, ಬೀಳ್ಸುತ್ತೆ ನನ್ನ!"

"ಯಾವಾಗಿಂದ ಕುಂಟುತ್ತೆ?"

"ಸೂಳೇಮಗಳೇ, ನಿಲ್ಸೇ!"

ಚಾವಟಿಯನ್ನು ಗಾಳಿಯಲ್ಲಿ ಛಟೀರೆನಿಸಿದೆ. ಅವನ ಟೋಪಿ ಹಾರಿಹೋಯಿತು. "ಯಾವಾಗಿಂದ?"

"ಚಳಿಗಾಲದಿಂದ! ಚಳಿಗಾಲದಿಂದ!"

"ಹತ್ಬಾರ್ದು ಅಂತ ನಮ್ಮೋನು ಹೇಳಿರ್ಲಿಲ್ವಾ?"

"ಹೇಳಿದ್ದ!"

"ಕಾಲಿಗೆ ಸೂಜಿ ಹಾಕ್ಸಿ ಹತ್ಸಿದ್ಯಾರು?"

"ನಾನೇ ಕಣೇ! ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಸೇ!"

"ಜೋರಾಗಿ ಹೇಳಿ ಯಜಮಾನ್ರೇ. ಕಿಟಕಿ ಒಳಗೆ ಮಲಗಿರೋನಿಗೂ ಕೇಳ್ಲಿ."

"ನಾನೇ ಹತ್ಸಿದ್ದು!" ಎಂದು ಅವನು ಕಿರುಚಿದ. ಲಾಯದೊಳಗಿದ್ದ ಕುದುರೆಗಳೆಲ್ಲ ತಲೆ ಹೊರಹಾಕಿದವು. ಆಳುಗಳು ಬಕೆಟ್ಟು, ಪೊರಕೆ ಹಿಡಿದು ಗೋಡೆಗುಂಟ ಬಂದು ನಿಂತಿದ್ದರು. ಗೇಟಿನ ಕಾವಲಿನವನು ಅಂಗಳದತ್ತ ಒಂದು ಹೆಜ್ಜೆ ಇಟ್ಟ. ನನ್ನಣ್ಣ ಸುತ್ತಿಗೆ ಹಿಡಿದು ಅವನ ಪಕ್ಕಕ್ಕೆ ಹೋಗಿ ನಿಂತ. ಕಾವಲಿನವನು ಅಲ್ಲೇ ನಿಂತ.

ಆದರೆ ಆ ಅಮ್ಮ ಕಾರಿನ ಕಡೆಗೆ ತಿರುಗಿದ್ದಳು. "ಬನ್ನಿ ಡಾಕ್ಟ್ರೇ, ಇವರ ಮನೆ ಜಗಳ ನಮಗ್ಯಾಕೆ," ಎಂದಳು. ಡಾಕ್ಟರು ಪೆನ್ನು ಜೇಬಿಗೆ ಹಾಕಿದ. ಅವನು ಒಪ್ಪಿಕೊಂಡದ್ದನ್ನು ಇವರು ಕಿವಿಯಲ್ಲಿಟ್ಟುಕೊಂಡು ಹೊರಟುಬಿಡುತ್ತಾರೆ. ನಾಳೆ ಯಾರ ಬಾಯಿಯೂ ತೆರೆಯುವುದಿಲ್ಲ. ಇವರೆಲ್ಲ ಒಂದೇ ಎಂದು ಗೊತ್ತಿದ್ದೂ ನಾನು ಹೇಗೆ ನಂಬಿದೆ?

"ಡಾಕ್ಟ್ರೇ, ಬರೀರಿ," ಎಂದೆ.

"ನನಗ್ಯಾಕಮ್ಮ ಇವೆಲ್ಲ?"

"ಕುದುರೆ ಚಳಿಗಾಲದಿಂದ ಎಡಗಾಲು ಕುಂಟ್ತಿತ್ತು ಅಂತ ಬರೀರಿ. ಈಗ ಇವ್ರು ಹೇಳಿದ್ದೂ ಬರೀರಿ. ರುಜು ಹಾಕಿ. ನೀವು ಬರ್ಕೊಡೋ ತನಕ ಇವ್ರು ಸುತ್ತು ಹೊಡೀತಾನೇ ಇರ್ತಾರೆ. ಕುದುರೆ ಬಿದ್ರೆ ನಿಮ್ಮ ಕಣ್ಮುಂದೇನೇ ಬೀಳುತ್ತೆ."

ಯಜಮಾನ ಕೆಂಚಿಯ ಕತ್ತು ತಬ್ಬಿಕೊಂಡು ಮಲಗಿಬಿಟ್ಟಿದ್ದ. "ಬರ್ಕೊಡ್ರೀ! ದಮ್ಮಯ್ಯ, ಅವಳು ಕೇಳಿದ್ದು ಬರ್ಕೊಡ್ರೀ!" ಎಂದು ಕೂಗಿಕೊಂಡ.

ಡಾಕ್ಟರು ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದ. ನಾನು ಗಟ್ಟಿಯಾಗಿ ಓದಿಸಿದೆ. ಎಡ ಮುಂಗಾಲಿನ ಹಳೆಯ ಕುಂಟು, ಚಳಿಗಾಲದಿಂದ ಇದ್ದದ್ದೆಂದು ಒಡೆಯನೇ ಹೇಳಿಕೆ, ಸರಿಯಿದ್ದ ಬಲಗಾಲಿಗೆ ಮರೆಮಾಚಲು ಕಲ್ಲು, ಸವಾರ ಬೇಡವೆಂದರೂ ಸೂಜಿ ಹಾಕಿಸಿ ಹತ್ತಿಸಿದ್ದು. ತಾರೀಕು, ರುಜು, ಅವನ ಮೊಹರು. ಅಣ್ಣ ಅದನ್ನು ಮಡಿಸಿ ಅಂಗಿಯೊಳಗೆ ಹಾಕಿಕೊಂಡು, ಗೇಟು ದಾಟಿ, ಇಲಾಖೆಯ ದಾರಿ ಹಿಡಿದ. ಕಾರೂ ಹೋಯಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಕೆಂಚಿಯ ಕತ್ತಿನ ಮೇಲೆ ನೊರೆ ಬಂದಿತ್ತು. ಕಾಲು ಊರಿದಾಗಲೆಲ್ಲ ಕಣ್ಣಿನ ಬಿಳಿ ಕಾಣುತ್ತಿತ್ತು. ಅವಳು ನನ್ನ ಕಡೆಗೇ ಒಂದು ಕಿವಿ ತಿರುಗಿಸಿ, ನಿಲ್ಲಲು ನಾನು ಹೋ ಅನ್ನುವುದನ್ನೇ ಕಾಯುತ್ತಿದ್ದಳು.

"ಬರ್ಕೊಟ್ಟಾಯ್ತಲ್ಲವ್ವಾ, ಇಳ್ಸು," ಎಂದ ಯಜಮಾನ. ಅವನು ಅಳುತ್ತಿದ್ದ. ಅಷ್ಟು ವರ್ಷದಲ್ಲಿ ಅವನು ನನ್ನನ್ನು ಅವ್ವಾ ಅಂದದ್ದು ಅದೇ ಮೊದಲು.

ಕಿಟಕಿಯಿಂದ ನನ್ನ ಗಂಡ ಕೂಗಿದ, "ಸಾಕು ಬಿಡೇ. ಅವಳಿಗೆ ನೋಯ್ತದೆ."

ಅವನ ಮಾತು ನನಗೆ ಕೇಳಿಸಿತು. ಚಾವಟಿ ಎತ್ತಿ, ನಾಲಿಗೆ ಚಪ್ಪರಿಸಿ, ಇನ್ನೊಂದು ಸುತ್ತು ಹೊಡೆಸಿದೆ.